ಹೆಸರೆತ್ತದ ಕಾಯಿಲೆ

ಹನಿ ಬೀಳುತ್ತಿದೆ, ಸಲೈನ್ ಬಾಟಲಿಯ ಕೆಳಗಿನ ಪುಟ್ಟ ಕೊಳವೆಯೊಳಗೆ, ತುದಿಯಲ್ಲಿ ತುಂಬಿ ದಪ್ಪಗಾಗಿ, ಇನ್ನೇನು ಬಿತ್ತು ಎನ್ನುವಾಗ ಬೀಳುತ್ತದೆ, ಸರಸಳ ಉಸಿರೂ ಅದರ ಜತೆಗೇ ಸಿಕ್ಕಿಕೊಂಡು ಮತ್ತೆ ಸಡಿಲುತ್ತದೆ — ಮಗಳ ಕೈ ತಣ್ಣಗಿದೆ, ಎ.ಸಿ.ಗೆ ಇರಬೇಕು, ಪೆರುಂಗುಡಿಯ ಈ ಆಸ್ಪತ್ರೆಯಲ್ಲಿ ಗೋಡೆಗೂ ಚಳಿ, ನಿದ್ದೆ ಮಾಡುತ್ತಿದ್ದಾಳೆ ಅಷ್ಟೆ, ತುಟಿಯಂಚಿನಲ್ಲಿ ಒಣಗಿದ ರಕ್ತ, ನಾಲಗೆ ಕಚ್ಚಿಕೊಂಡಿದ್ದಾಳೆ, ನಿಖಿತಾ ಬೆಂಚಿನಿಂದ ಜಾರಿ ಬಿದ್ದಳು ಆಂಟಿ, ಕೈಕಾಲು ಹೊಡ್ಕೊಂಡಳು, ಎಂದು ಫೋನಿನಲ್ಲಿ ಅತ್ತವಳು ತೃಪ್ತಿ, ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವವಳು, ಪಾಪದ ಹುಡುಗಿ. ಕಾಲೇಜಿನ ಗೇಟಿನೆದುರೇ ದೊಡ್ಡ ಆಸ್ಪತ್ರೆ ಉಂಟು, ರಸ್ತೆ ದಾಟಿದರೆ ಸಾಕು, ಆದರೆ ಅದು ಪಟ್ಟಿಯಲ್ಲಿಲ್ಲವಂತೆ, ಯೂನಿವರ್ಸಿಟಿಯ ಇನ್ಶೂರೆನ್ಸ್ ನಡೆಯುವುದು ಪಟ್ಟಿಯಲ್ಲಿರುವ ಕಡೆ ಮಾತ್ರವಂತೆ, ಎಚ್ಚರ ತಪ್ಪಿದ ಹುಡುಗಿಯನ್ನು ಆ ಬಾಗಿಲ ಮುಂದಿನಿಂದಲೇ ದಾಟಿಸಿ, ಟ್ರಾಫಿಕ್ಕಿನಲ್ಲಿ ತೆವಳುತ್ತ ಇಲ್ಲಿಗೆ ತಂದರು, ದೇವರು ವರ ಕೊಟ್ಟರೂ ಪೂಜಾರಿ ಕೊಡ, ದಾರಿಯಲ್ಲಿ ಆಂಬುಲೆನ್ಸಿನೊಳಗೆ ಇನ್ನೊಮ್ಮೆ ಬಂತಂತೆ. ಅದು. ಅದೇ. ಹದಿನೈದು ವರ್ಷ ಎಲ್ಲಿತ್ತೋ ಅದು, ಎಲ್ಲಿ ಕೂತು ಕಾಯುತ್ತಿತ್ತೋ, ಹೋಗಿದೆ ಎಂದುಕೊಂಡಿದ್ದಳಲ್ಲ, ಕನಸಿನಲ್ಲೂ ಅದರ ಕಡೆ ತಿರುಗಿ ನೋಡಿರಲಿಲ್ಲವಲ್ಲ.

ಈ ಇನ್ಶೂರೆನ್ಸ್ ನಮಗೆ ಬೇಡ ಸಾರ್ ಎಂದು ಇವರು ಕಾಲೇಜಿನ ಆಫೀಸಿನಲ್ಲಿ ಹೇಳಿದ್ದರು — ವಡಪಳನಿಯಲ್ಲಿ ಹೋಟೆಲಿಗೆ ಬರುವವರಿಗೆಲ್ಲ ಕಿಟ್ಟಣ್ಣ, ಇವಳಿಗೆ ಇವರು — ಬೇಡ ಎನ್ನುವ ಹಾಗಿಲ್ಲ, ಕಡ್ಡಾಯ, ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು, ಮುಗಿಯಿತು. ಆಮೇಲೆ ಆ ಫೋನು, ಮಧ್ಯಾಹ್ನ ಹೋಟೆಲಿನ ಊಟದ ಗದ್ದಲದಲ್ಲಿ, ನಿಖಿತಾ ಎದುರಿಗೇ ಕೂತು ಮಜ್ಜಿಗೆ ಅನ್ನ ಕಲಸುತ್ತಿದ್ದಾಳೆ, ಸ್ಪೀಕರ್‌ಲ ಪೋಡುಮ್ಮಾ ಎನ್ನುತ್ತಾಳೆ, ಹಾಕಿದರೆ ಇನ್ಶೂರೆನ್ಸ್ ಕಂಪನಿಯ ಹುಡುಗಿ, ಈ ಕರೆ ರೆಕಾರ್ಡ್ ಆಗುತ್ತದೆ ಮೇಡಂ, ಮಗಳಿಗೆ ಶುಗರ್ ಇದೆಯಾ, ಇಲ್ಲ, ಉಬ್ಬಸ, ಇಲ್ಲ, ಫಿಟ್ಸ್ — ಸಾಂಬಾರಿನ ಬಕೆಟ್ ಹಿಡಿದು ಹೋಗುತ್ತಿದ್ದ ಇವರು ಅಲ್ಲೇ ನಿಂತರು, ಕಣ್ಣಲ್ಲೇ ಬೇಡ ಎಂದರು. ಹೇಳಬೇಕಾಗಿರಲಿಲ್ಲ, ಅವಳಿಗೆ ಗೊತ್ತಿಲ್ಲವೇ, ಕತ್ತಲಾದ ಮೇಲೆ ಹಾವನ್ನು ಹಾವೆನ್ನದೆ ಹುಳ ಎನ್ನುವ ಮನೆ ಅದು, ಕುಂದಾಪುರದಿಂದ ಬಂದ ಅತ್ತೆ ಮಗುವಿನ ಮಂಚದ ಪಕ್ಕದಲ್ಲಿ ಕೂತು ಬಾಯಿಗೆ ಬೀಗ ಹಾಕಿಸಿದ್ದರು, ಹೆಸರು ಹಿಡಿದು ಕರೆದರೆ ಬರದೆ ಇರ್ತದಾ ಮಾರಾಯ್ತಿ, ಮಗುವಿನ ಕಿವಿಗಂತೂ ಬೀಳುದು ಬೇಡ. ಬೀಳಲಿಲ್ಲ. ನಾಲ್ಕು ವರ್ಷದವಳಿಗೆ ಬಂದಿತ್ತು, ಮದ್ದಾಯಿತು, ಸುಬ್ರಹ್ಮಣ್ಯನ ಹರಕೆ ಸಂದಿತು, ಹೋಯಿತು, ಬೆನ್ನ ಮೇಲಿನ ಕಲೆಗಳೇನಮ್ಮಾ ಎಂದು ದೊಡ್ಡವಳಾಗಿ ಕೇಳಿದಾಗ ಚಿಕ್ಕವಳಿರುವಾಗ ಅಮ್ಮ ಎದ್ದಿತ್ತು ಎಂದಳು, ಮಗಳು ನಂಬಿದಳು, ಫೋನಿನವಳು ಕೇಳಿದ್ದಕ್ಕೂ ಸರಸ ಇಲ್ಲ ಎಂದಳು, ಮೋಸ ಮಾಡಬೇಕೆಂದಲ್ಲ, ಅದನ್ನು ಮಗಳ ಹತ್ತಿರ ಬಿಡಬಾರದೆಂದು. ಈಗ ಆ ಇಲ್ಲ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಅವಳದೇ ದನಿಯಲ್ಲಿ ಕೂತಿದೆ, ಬೇಕೆಂದಾಗ ತೆಗೆದು ಕೇಳಿಸುತ್ತಾರೆ.

ಜಯರಾಮ ಮತ್ತೆ ಬಂದ, ಇಲ್ಲಿಯ ಇನ್ಶೂರೆನ್ಸ್ ಡೆಸ್ಕಿನವನು, ಕಿವಿಯಲ್ಲಿ ವೈರು, ಅಪ್ರೂವಲ್ ಇನ್ನೂ ಬರಲಿಲ್ಲಮ್ಮಾ, ಹಳೇ ಕಾಯಿಲೆಯಾ ಅಂತ ಕೇಳುತ್ತಿದ್ದಾರೆ, ಹಳೇದಾದರೆ ಕೊಡುವುದಿಲ್ಲ, ಮುಚ್ಚಿಟ್ಟದ್ದಾದರೆ ಪಾಲಿಸಿಯೇ ರದ್ದು, ಕಾಲೇಜಿಗೂ ತಿಳಿಸುತ್ತಾರೆ. ಹೆದರಿಸುತ್ತಿಲ್ಲ ಅವನು, ಊಟ ಆಯಿತಾ ಎನ್ನುವ ಹಾಗೆ ಹೇಳುತ್ತಾನೆ, ಅದಕ್ಕೇ ಹೆಚ್ಚು ಹೆದರಿಕೆ. ಕಾಲೇಜಿನಿಂದ ತೆಗೆದರೆ. ಊರೆಲ್ಲ ತಿಳಿದು ನಾಳೆ ಹೆಣ್ಣು ನೋಡಲು ಬಂದವರು ಮೆಟ್ಟಿಲಿನಿಂದಲೇ ಹಿಂದೆ ಹೋದರೆ. ಇವರಾದರೂ ಬರಬಾರದೇ, ಬಸ್ಸಿನಲ್ಲಿದ್ದೇನೆ ಎಂದವರು ಎಲ್ಲಿ ಸಿಕ್ಕಿಬಿದ್ದಿದ್ದಾರೋ, ಡಾಕ್ಟರ್ ಬಂದಾಗಲೂ ಒಬ್ಬಳೇ ಇದ್ದಳು, ಇದುಕ್ಕು ಮುನ್ನಾಡಿ ವಂದಿರುಕ್ಕಾಮ್ಮಾ, ಮುಂಚೆ ಯಾವತ್ತಾದರೂ, ಸಣ್ಣದರಲ್ಲಿ, ಇಲ್ಲ ಡಾಕ್ಟರ್, ಅಲರ್ಜಿ ಏನಾದರೂ, ಇಲ್ಲ, ಇಲ್ಲ ಎಂದು ನಾಲಗೆಗೆ ಅಭ್ಯಾಸವೇ ಆಗಿಹೋಗಿದೆ, ಡಾಕ್ಟರಮ್ಮ ಬರೆದುಕೊಂಡು ತಲೆಯಾಡಿಸಿ ಹೋದಳು, ಹನಿ ಬಿತ್ತು, ಇನ್ನೊಂದು ತುಂಬುತ್ತಿದೆ. ಈಗ ಪರದೆಯ ಆಚೆಯಿಂದ ಅದೇ ದನಿ, ಇನ್ನೊಮ್ಮೆ ಬಂದರೆ ಕಷ್ಟ ಸಿಸ್ಟರ್, ಫೆನಿಟಾಯಿನ್ ಹಾಕಿಬಿಡಿ.

ಏನಂದಳು. ಏನು ಹಾಕುವುದು. ಹದಿನೈದು ವರ್ಷದ ಹಿಂದೆ ಮಣಿಪಾಲದ ಡಾಕ್ಟರು ಈ ಹೆಸರನ್ನು ಇವಳಿಂದ ಮತ್ತೆ ಮತ್ತೆ ಹೇಳಿಸಿದ್ದರು, ಸಾಯುವವರೆಗೂ ಮರೀಬೇಡಿ, ಎಲ್ಲಿಗೆ ಹೋದರೂ ಮೊದಲು ಇದನ್ನೇ ಹೇಳಿ, ಈ ಮದ್ದು ಈ ಮಗುವಿಗೆ ಆಗುದಿಲ್ಲ — ಕಾಯಿಲೆಯ ಜತೆಗೆ ಅದನ್ನೂ ಹೂತುಬಿಟ್ಟಿದ್ದಳಲ್ಲ, ಬುದ್ಧಿಗೇಡಿ, ಮೊದಲು ಜ್ವರ, ಆಮೇಲೆ ಮುಖ ಊದಿ ಕಣ್ಣು ಮುಚ್ಚಿಹೋದದ್ದು, ಎತ್ತಿಕೊಳ್ಳಲು ಹೋದರೆ ಬೆನ್ನ ಚರ್ಮ ಬಾಳೆಸಿಪ್ಪೆಯ ಹಾಗೆ ಇವಳ ಅಂಗೈಗೆ ಬಂದದ್ದು, ಮಗು ಅಳಲೂ ಇಲ್ಲ, ಅಳುವ ಬಾಯಿಯೂ ಹುಣ್ಣು. ನರ್ಸು ಬಂದಳು, ಸಿರಿಂಜು ಹಿಡಿದು, ಹೇಳಿದರೆ ಎಲ್ಲ ಹೋಯಿತು, ಕಾಲೇಜು ಹೋಯಿತು, ಹೇಳಬೇಕು, ಜಯರಾಮ ಇಲ್ಲೇ ನಿಂತಿದ್ದಾನೆ, ಕೇಳಿಸಿಕೊಳ್ಳುತ್ತಾನೆ, ಹೇಳು, ಬಾಯಿ ತೆರೆದರೆ ಅತ್ತೆ ಕಣ್ಣು ಬಿಡುತ್ತಾರೆ, ಮಗುವಿನ ಕಿವಿಗಂತೂ, ಸತ್ತವರು ಸುಮ್ಮನಿರಲಿ, ಕನ್ನಡದಲ್ಲಿ ಆ ಮಾತು ಗಂಟಲಿಗೇ ಬರುವುದಿಲ್ಲ, ನರ್ಸು ಮುಚ್ಚಳ ತೆಗೆದಳು, ಸೂಜಿ ಬಾಟಲಿಯ ಹತ್ತಿರ, ಸರಸ ಎದ್ದು ಅವಳ ಮಣಿಕಟ್ಟು ಹಿಡಿದಿದ್ದಾಳೆ, ವೇಂಡಾಂ ಸಿಸ್ಟರ್, ಅಂದ ಮರುಂದು ಇವಳುಕ್ಕು ಆಗಾದು, ಈ ಮದ್ದು ಆಗುದಿಲ್ಲ, ವಲಿಪ್ಪು ಇರುಂದದು, ಚಿನ್ನ ವಯಸ್ಸುಲಯೇ ಇರುಂದದು, ಅದು, ಸಣ್ಣದರಲ್ಲೇ ಇತ್ತು, ನಾನ್ ಪೊಯ್ ಸೊನ್ನೇನ್, ಸುಳ್ಳು ಹೇಳಿದೆ, ಸುಳ್ಳು. ಜಯರಾಮ ತಲೆಯೆತ್ತಿದ. ನರ್ಸು ಸಿರಿಂಜು ಹಿಂದಕ್ಕೆ ತೆಗೆದು, ಡಾಕ್ಟರನ್ನು ಕೂಗಿ, ಇನ್ನೊಂದು ಕೈಯಿಂದ ಕೊಳವೆಯ ಚಕ್ರ ತಿರುಗಿಸಿ ಬಿಗಿದಳು. ಕೆಳಗೆ ನಿಖಿತಾ ಕಣ್ಣು ಬಿಟ್ಟಿದ್ದಾಳೆ, ಎಷ್ಟು ಹೊತ್ತಿನಿಂದಲೋ, ಊದಿದ ನಾಲಗೆಯಲ್ಲಿ, ಯಾರುಕ್ಕುಮ್ಮಾ, ಯಾರಿಗೆ, ಎನ್ನುತ್ತಿದ್ದಾಳೆ, ಸರಸ ಆ ಕಡೆ ನೋಡಲಾರಳು, ಮೇಲೆ ನೋಡುತ್ತಾಳೆ, ಹನಿ, ತುಂಬಿ ದಪ್ಪಗಾಗಿ ತುದಿಯಲ್ಲಿ ನಿಂತ ಹನಿ, ಬೀಳುತ್ತಿಲ್ಲ, ಬೀಳುತ್ತಿಲ್ಲ.