ಬಾಗಿಲಿಗೆ ಕಟ್ಟಿದ ಭಂಡಾರ

ನಿಂಬರ್ಗಾದ ಬೀರಣ್ಣನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಕಂಬಳಿ ಮಗ್ಗದ ಸಪ್ಪಳದಿಂದ. ಮುದುಕ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಹೆಂಡತಿ ಸಕ್ಕುಬಾಯಿ ಅಂಗಳದಲ್ಲಿ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕಾಯಿಸುವಳು, ಸೊಸೆ ಮಾಳಮ್ಮ ಉಣ್ಣೆಯ ನೂಲು ತೆಗೆಯುವಳು. ಮಗ ಸೈದಪ್ಪ ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಹೆದರಿ ಗಡಿಯಾಚೆ ಸೊಲ್ಲಾಪುರದ ಕಡೆ ಹೋಗಿದ್ದ. ಅವನ ಕುರಿಗಳನ್ನು ಬಂಧುಗಳು ತಮ್ಮ ಹಿಂಡಿನಲ್ಲಿ ಸೇರಿಸಿಕೊಂಡು ಮೇಯಿಸುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದಿದೆಯೆಂದು ಗಡಿಯಾಚೆಯಿಂದ ಬಂದವರು ಹೇಳುತ್ತಿದ್ದರು. ನಿಂಬರ್ಗಾಕ್ಕೆ ಅದಿನ್ನೂ ಬಂದಿರಲಿಲ್ಲ.

ಮನೆ ಚೊಕ್ಕಟವಾದದ್ದೇ. ಮಣ್ಣಿನ ಮಾಳಿಗೆ, ಬೇವಿನ ತೊಲೆ, ಕಲ್ಲಿನ ಹೊಸ್ತಿಲು. ಆದರೆ ಒಳಗೆ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲ ಚೌಕಟ್ಟಿಗೆ ಕಟ್ಟಿದ ಸಣ್ಣದೊಂದು ಗಂಟು. ಕರಿಕಂಬಳಿಯ ಚೂರಿನಲ್ಲಿ ಬೀರಪ್ಪ ದೇವರ ಭಂಡಾರವನ್ನು, ಅಂದರೆ ಪೂಜೆಯ ಅರಿಸಿನವನ್ನು, ಕಟ್ಟಿದ ಗಂಟು ಅದು. ಈ ಮನೆ ಕಟ್ಟಲು ಬೀರಣ್ಣ ಕಟ್ಟಲಿರುವ ಮನೆಯನ್ನೇ ಒತ್ತೆಯಿಟ್ಟು ಸಾವುಕಾರ ಅಣ್ಣಾರಾಯನಿಂದ ಸಾಲ ತಂದಿದ್ದ. ಅಂದು ಸಾವುಕಾರ ಅವನ ಕೈಯಲ್ಲಿ ಭಂಡಾರ ಹಿಡಿಸಿ ಆಣೆ ಮಾಡಿಸಿದ. ಅಸಲು ತೀರಿಸುವುದಾದರೆ ಇಡಿಯಾಗಿ ಒಂದೇ ಸಲ ತೀರಿಸಬೇಕು. ಅಲ್ಲಿಯವರೆಗೆ ಬಡ್ಡಿಯ ಬದಲು ಮನೆಯ ಹೆಣ್ಣುಮಗಳೊಬ್ಬಳು ಅವನ ವಾಡೆಯಲ್ಲಿ ದುಡಿಯಬೇಕು. ಒತ್ತೆಯನ್ನು ಬೇರೆಯವರಲ್ಲಿಗೆ ಒಯ್ಯಕೂಡದು. ತಪ್ಪಿದರೆ ಮನೆಯ ಒಂದು ಜೀವವನ್ನು ಬೀರಪ್ಪ ಒಯ್ಯುತ್ತಾನೆ. ಮನೆಯೆದ್ದ ಮೇಲೆ ಆ ಭಂಡಾರವನ್ನು ಬಾಗಿಲಿಗೆ ಕಟ್ಟಿಸಿದ. ಸಾಲ ಕೊಟ್ಟವನ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಊರಿನ ಇನ್ನೂ ಕೆಲವು ಬಾಗಿಲುಗಳಿಗೆ ಇಂಥ ಗಂಟುಗಳಿದ್ದವು. ದೇವರನ್ನು ಕಾವಲಿಗೆ ಕೂಡಿಸಿ ಬಡ್ಡಿ ತಿನ್ನುವ ಈ ಪದ್ಧತಿಗೆ ಹಿರಿಯರೆಲ್ಲ ತಲೆಬಾಗಿದ್ದರು.

ಬೀರಣ್ಣನ ಮಗಳು ಗಂಗಾಬಾಯಿ ಹಾಗೆ ಬಡ್ಡಿಗೆ ಹೋದವಳು. ವಾಡೆಯ ಕಸ, ಮುಸುರೆ, ಬೀಸುವುದು, ಕುಟ್ಟುವುದು ಎಲ್ಲ ಅವಳ ಪಾಲಿಗೆ. ಅವಳು ದೊಡ್ಡವಳಾದಳು, ಅಸಲು ಮಾತ್ರ ಇದ್ದಲ್ಲೇ ಇತ್ತು. ಹೋದ ಬೇಸಿಗೆಯಲ್ಲಿ ಮೈ ಸುಡುವ ಜ್ವರದಲ್ಲೂ ಅವಳನ್ನು ನೀರು ಸೇದಲು ಕಳಿಸಿದರು. ಕಣ್ಣು ಕತ್ತಲೆಗಟ್ಟಿ ಬಾವಿಗೆ ಬಿದ್ದು ಸತ್ತಳು. ಅಣ್ಣಾರಾಯ ಮಣ್ಣಿಗೂ ಬರಲಿಲ್ಲ. ಈಗ ಮಾಳಮ್ಮನ ಮಗಳು, ಇನ್ನೂ ಹಲ್ಲು ಬಿದ್ದು ಹುಟ್ಟುತ್ತಿರುವ ಕಾಶಿಬಾಯಿಯನ್ನು ಸೋಮವಾರ ಕಳಿಸಬೇಕೆಂದು ಹೇಳಿಕಳಿಸಿದ್ದ.

ಆ ಮಾತು ಕಿವಿಗೆ ಬಿದ್ದಂದಿನಿಂದ ಕಾಶಿ ಆಟ ಬಿಟ್ಟಳು. ತಾನು ಉಡುವ ಎರಡು ಪರಕಾರಗಳನ್ನು ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಮಗ್ಗದ ಮೂಲೆಯಲ್ಲಿ ಕೂಡುವಳು. ಓಣಿಯಲ್ಲಿ ಗಂಡಸಿನ ಕೆರದ ಸಪ್ಪಳ ಕೇಳಿದರೆ ಸಾಕು, ಉಣ್ಣೆಯ ರಾಶಿಯ ಹಿಂದೆ ಅಡಗುವಳು.

ಮಾಳಮ್ಮ ಕಂಬಳಿ ಮಾರಲು ಆಳಂದಕ್ಕೆ ಹೋದಾಗ ಅಲ್ಲಿಯ ಸಹಕಾರಿ ಸಂಘದ ಗುಮಾಸ್ತ ಖಾದರಸಾಬರನ್ನು ವಿಚಾರಿಸಿ ಬಂದಿದ್ದಳು. ಊಟಕ್ಕೆ ಕೂತ ಮಾವನ ಮುಂದೆ ರೊಟ್ಟಿ ಇಟ್ಟು ಮಾತು ತೆಗೆದಳು.

“ಮಾವಾ, ಸಿಟ್ಟಾಗಬ್ಯಾಡ್ರಿ. ಸಂಘದಾಗ ಮನಿ ಒತ್ತಿ ಇಟ್ಕೊಂಡು ರೊಕ್ಕ ಕೊಡ್ತಾರಂತ. ಅದ್ರಾಗ ಸಾವ್ಕಾರಂದು ಇಡೀ ಅಸಲು ಚುಕ್ತಾ ಮಾಡೂಣು. ಆಮ್ಯಾಲ ಸಂಘಕ್ಕ ಕಂತು ಕಟ್ಟಿದ್ರಾತು.”

“ಇಲ್ಲೂ ಸಾಲ, ಅಲ್ಲೂ ಸಾಲ. ಏನ್ ಫರಕ್ ಆತು?”

“ಅಲ್ಲಿ ಬಡ್ಡಿಗಿ ಕೂಸಿನ್ನ ಕೇಳಂಗಿಲ್ರಿ.”

ಬೀರಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮಾಳಮ್ಮ ಧೈರ್ಯ ತಂದುಕೊಂಡು ಮುಂದುವರಿಸಿದಳು.

“ಕಟ್ಟಿದಷ್ಟು ಅಸಲು ಇಳೀತದ್ರಿ. ಅವರು ವರ್ಷಕ್ಕೊಂದ್ ಕಂತು ಕೇಳ್ತಾರ. ನಾವು ವರ್ಷಕ್ಕ ಎರಡು ಸಲ ಕುರಿ ಉಣ್ಣಿ ಕತ್ತರಸ್ತೇವಿ, ಎರಡು ಸಲಾನೂ ಕಟ್ಟೂಣು. ಮೊದಲ ಕಟ್ಟಿದ್ರ ಬ್ಯಾಡ ಅನ್ನಂಗಿಲ್ಲಂತ, ಕೇಳೇನಿ. ಕಾಶಿ ಮದವಿ ವ್ಯಾಳ್ಯಾಕ್ಕ ಮನಿ ನಮ್ದಾಗಿರ್ತದ. ನಿಮ್ಮ ಹೆಬ್ಬಟ್ಟು ಒಂದು ಬೇಕು.”

“ಹೆಬ್ಬಟ್ಟು ಒತ್ತಿದ್ರ ಭಂಡಾರ ಸುಮ್ನ ಬಿಡ್ತದೇನು?” ಎಂದ ಮುದುಕ. “ನಮ್ಮಪ್ಪ, ಮುತ್ಯಾ ಯಾರೂ ಆಣಿ ಮುರಿದಿಲ್ಲ. ಮತ್ತ ಈ ದಿನಮಾನದಾಗ ಸಾವ್ಕಾರನ ಬೆನ್ನು ಬಿಟ್ಟು, ನಾಳಿ ರಜಾಕಾರರು ಬಾಗಿಲಿಗಿ ಬಂದ್ರ ಯಾರ್ ನಿಲ್ತಾರ ಬೇ?”

ಓದುಗರೇ, ಈ ಮುದುಕನನ್ನು ಹೇಡಿಯೆಂದು ಜರೆಯಲು ನನಗೆ ಮನಸ್ಸಿಲ್ಲ. ಆಗ ಕಿಣ್ಣಿ ಸುಲ್ತಾನ ಊರಿನ ದಿಕ್ಕಿನಲ್ಲಿ ಒಂದಿಷ್ಟು ಹೊಗೆ ಕಂಡರೂ ಇಡೀ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಇಷ್ಟೆಲ್ಲ ವಾದ ಮಾಡಿದ ಮಾಳಮ್ಮನೂ ಆ ಗಂಟಿನ ಕೆಳಗೆ ಹಾದುಹೋಗುವಾಗ ತಲೆ ತಗ್ಗಿಸಿ ಸೆರಗು ಬಿಗಿಹಿಡಿಯುವಳು. ಸಾವುಕಾರನಿಗೆ ಬೇಕಾದದ್ದೂ ಇದೇ. ಹೆದರಿದವರು ಲೆಕ್ಕ ಕೇಳುವುದಿಲ್ಲ.

ಸೋಮವಾರ ಸಾವುಕಾರನ ಆಳು ಹುಲೆಪ್ಪ ಅಂಗಳಕ್ಕೆ ಬಂದು ನಿಂತ. ಒಳಗೆ ಸಕ್ಕುಬಾಯಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದಳು. ಗಂಗಾಬಾಯಿಯನ್ನು ಕಳಿಸುವಾಗಲೂ ಹೀಗೆಯೇ ಹೆಣೆದು ಕಳಿಸಿದ್ದಳು.

ಕಾಶಿ ಮೆಲ್ಲಗೆ ಕೇಳಿದಳು, “ಆಯೀ, ಅಲ್ಲಿ ಬಾವಿಗಿ ಕಟ್ಟಿ ಅದ ಏನು?”

ಸಕ್ಕುಬಾಯಿಯ ಕೈ ನಿಂತಿತು. ಕೂಸನ್ನು ಅಲ್ಲೇ ಬಿಟ್ಟು ಎದ್ದು ಗಂಡನೆದುರು ಹೋಗಿ ನಿಂತಳು.

“ಇಲ್ಲಿ ಕೇಳ್ರಿ. ಗಂಗಿ ಸತ್ತಾಗ ನಾವು ಆಣಿ ಮುರಿದಿದ್ವೇನು?”

“ಇಲ್ಲ.”

“ಒತ್ತಿ ಬದಲಿ ಮಾಡಿದ್ವೇನು?”

“ಇಲ್ಲ ಬೇ. ಈಗ್ಯಾಕ ಆ ಮಾತು?”

“ಆಣಿ ಖರೇನ ನಡಸಿದ್ವಿ. ಮತ್ತ ನನ್ನ ಮಗಳ ಜೀವ ಹ್ಯಾಂಗ ಹೋತ್ರಿ?”

ಸಕ್ಕುಬಾಯಿ ಗೋಡೆಯ ಮೊಳೆಗೆ ಹಾಕಿದ್ದ ಕುರಿ ಕತ್ತರಿಯನ್ನು ತೆಗೆದುಕೊಂಡು ಹೊಸ್ತಿಲ ಮೇಲೆ ಹತ್ತಿದಳು. ಬೀರಣ್ಣ ಕಣ್ಣು ಮುಚ್ಚಿಕೊಂಡ. ಕತ್ತರಿ ದಾರ ಕಡಿಯಿತು, ಗಂಟು ಅವಳ ಅಂಗೈಗೆ ಬಿತ್ತು. ಅದನ್ನು ಬಿಚ್ಚಿ ಭಂಡಾರವನ್ನು ಕಾಶಿಯ ಹಣೆಗೆ ಹಚ್ಚಿದಳು, ತನ್ನ ಹಣೆಗೆ ಹಚ್ಚಿಕೊಂಡಳು.

“ಅವನು ನಮ್ಮ ಬೀರಪ್ಪ. ಸಾವ್ಕಾರನ ಚಾಕರಿ ಯಾಕ ಮಾಡ್ಯಾನು? ಹುಲೆಪ್ಪಾ, ಕೂಸು ಬರಂಗಿಲ್ಲ ಅಂತ ಹೇಳು. ಅಸಲು ಬರ್ತದ.”

“ನಿಮ್ಮ ಮನಿ ಉಳಿಯಂಗಿಲ್ಲವ್ವಾ,” ಎನ್ನುತ್ತ ಹುಲೆಪ್ಪ ಹಿಂದೆ ಸರಿದ. ಆಣೆ ಕಡಿದ ಮನೆಯ ಅಂಗಳದಲ್ಲಿ ನಿಲ್ಲಲು ಅವನಿಗೂ ಭಯವಾಗಿತ್ತು.

ಬೀರಣ್ಣ ಎದ್ದು ಬಂದು ಖಾಲಿ ಚೌಕಟ್ಟನ್ನು ಮುಟ್ಟಿ ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡು, “ನಡೀ ಮಾಳವ್ವಾ,” ಎಂದ.

ಕೂಸನ್ನು ಹಿಂದೆ ಬಿಡಲು ಧೈರ್ಯ ಸಾಲದೆ ನಾಲ್ವರೂ ಆಳಂದಕ್ಕೆ ಹೊರಟರು. ದಾರಿಯಲ್ಲಿ ಬಂದೂಕು ಹಿಡಿದವರ ಗುಂಪು ಕಂಡು ತೊಗರಿ ಹೊಲದಲ್ಲಿ ಅಡಗಿ ಕೂತರು. ಇದೇ ಶಾಪವೆಂದು ಮುದುಕ ಬೀರಪ್ಪನ ಹೆಸರು ಜಪಿಸಿದ. ಗುಂಪು ಅತ್ತ ಹೋಯಿತು. ಸಂಘದಲ್ಲಿ ಖಾದರಸಾಬರು ಮುದುಕನ ಹೆಬ್ಬೆಟ್ಟು ಹಿಡಿದು, “ಫಿಕರ್ ಮಾಡಬ್ಯಾಡ್ರಿ ಕಾಕಾ, ಮನಿ ನಿಮ್ಮ ಹೆಸರಿಗೇ ಇರ್ತದ,” ಎಂದು ಸಮಾಧಾನ ಹೇಳಿ ಒತ್ತಿಸಬೇಕಾಯಿತು.

ಸಾಲ ಮಂಜೂರಾದ ಮೇಲೆ ಸಂಘದವರು ಊರ ಹಿರಿಯರೆದುರು ಅಣ್ಣಾರಾಯನಿಗೆ ಅಸಲು ಕೊಟ್ಟು ಒತ್ತೆ ಪತ್ರ ಬಿಡಿಸಿದರು. ಎಣಿಸಿಕೊಳ್ಳುವಾಗ ಸಾವುಕಾರ ಭಂಡಾರದ ಮಾತೇ ಎತ್ತಲಿಲ್ಲ. ಅದನ್ನು ಎಲ್ಲರೂ ನೋಡಿದರು. ಆದರೂ ಇನ್ನುಳಿದ ಬಾಗಿಲುಗಳ ಗಂಟುಗಳು ಅಂದು ಹಾಗೆಯೇ ಇದ್ದವು.

ಭಯ ಒಂದೇ ದಿನಕ್ಕೆ ಬಿಡುವಂಥದ್ದಲ್ಲ. ಪತ್ರ ಕೈಗೆ ಬಂದ ಸಂಜೆಯೂ ಓಣಿಯಲ್ಲಿ ಕೆರದ ಸಪ್ಪಳವಾದಾಗ ಮಾಳಮ್ಮ ಎದ್ದು ಬಾಗಿಲು ಹಾಕಿದಳು. ಸಪ್ಪಳ ದಾಟಿಹೋಯಿತು. ಕಾಶಿ ಪರಕಾರದ ಗಂಟನ್ನು ಎದೆಗೊತ್ತಿಕೊಂಡು ಅಜ್ಜಿಯ ಬಳಿ ಬಂದಳು.

“ಆಯೀ, ಇದನ್ನ ಬಿಚ್ಚಲೇನು?”

“ಬಿಚ್ಚು ನನ್ನವ್ವಾ,” ಎಂದಳು ಸಕ್ಕುಬಾಯಿ. ಬೀರಣ್ಣ ಗೋಡೆಯ ಮೊಳೆಯಿಂದ ಕುರಿ ಕತ್ತರಿಯನ್ನು ತೆಗೆದು, ಮೊಮ್ಮಗಳ ಪರಕಾರ ತೂಗುಹಾಕಲು ಜಾಗ ಮಾಡಿಕೊಟ್ಟ.