ಗಂಗಮ್ಮನ ಸೀಮಂತ

ಆಮೆಗೆ ಸೀಮಂತ ಮಾಡುತ್ತಾರೆ ಅಂದರೆ ಯಾರಿಗಾದರೂ ನಗು ಬರುತ್ತದೆ. ವಂದನಾಗೂ ಬರಬೇಕಿತ್ತು. ಆದರೆ ಆ ಭಾನುವಾರ ಬೆಳಗ್ಗೆ ಕನ್ನಡಿಯ ಮುಂದೆ ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತಾ ನಿಂತವಳಿಗೆ ನಗು ಬರಲಿಲ್ಲ. ಯಾಕೆಂದರೆ ಜಕ್ಕೂರಿನ ಹಳೇ ಊರಲ್ಲಿ ಇವತ್ತು ಯಾವ ಆಮೆಗೆ ಬಳೆ ತೊಡಿಸುತ್ತಾರೋ ಆ ಆಮೆಯನ್ನು ಕೊಟ್ಟವಳು ಅವಳೇ. ಕೊಟ್ಟದ್ದು ಒಬ್ಬರಿಗಲ್ಲ, ಅರವತ್ನಾಲ್ಕು ಜನಕ್ಕೆ.

ಹಾಗಂತ ವಂದನಾ ಮೋಸಗಾರ್ತಿಯಲ್ಲ. ಈ ಮಾತನ್ನು ಅವಳೇ ತನಗೆ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದಳು. ಹತ್ತು ಸಲ ಹೇಳಿಕೊಳ್ಳಬೇಕಾಗಿ ಬಂದಾಗಲೇ ಏನೋ ಎಡವಟ್ಟಾಗಿದೆ ಅಂತ ತಿಳಿಯಬೇಕಿತ್ತು, ತಿಳಿಯಲಿಲ್ಲ. ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು ಕೆಲಸ ಬಿಟ್ಟ ಮೇಲೆ ಊಟದ ಟೇಬಲ್ಲಿನ ಮೇಲೆ ನೀಲಿ ಮಣಿ ಪೋಣಿಸಿ, ನಡುವೆ ಒಂದು ಪುಟ್ಟ ಬೆಳ್ಳಿಬಣ್ಣದ ಆಮೆ ಕೂರಿಸಿ ಬ್ರೇಸ್‌ಲೆಟ್ ಮಾಡುತ್ತಿದ್ದಳು. ಹೊನ್ನಾವರದ ಕಡೆ ಕಡಲಾಮೆಗಳನ್ನು ಕಾಯುವ ಒಂದು ಸಣ್ಣ ತಂಡವಿತ್ತು. ಪ್ರತಿ ಬ್ರೇಸ್‌ಲೆಟ್ಟಿನ ಬೆಲೆಯಲ್ಲಿ ಒಂದು ಪಾಲು ಅವರಿಗೆ. ಅದನ್ನವಳು ಒಂದು ತಿಂಗಳೂ ತಪ್ಪಿಸಿದವಳಲ್ಲ. ಆ ತಂಡದವರು ಒಂದು ಹೆಣ್ಣಾಮೆಯ ಚಿಪ್ಪಿನ ಮೇಲೆ ಬೆಂಕಿಪೊಟ್ಟಣದಷ್ಟು ಯಂತ್ರ ಅಂಟಿಸಿ ಕಡಲಿಗೆ ಬಿಟ್ಟಿದ್ದರು. ಆಮೆ ಉಸಿರಾಡಲು ನೀರಿನ ಮೇಲೆ ಬಂದಾಗಲೆಲ್ಲ ಯಂತ್ರ ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ, ಮೊಬೈಲಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ ಅಷ್ಟು ಸರಿಯುತ್ತದೆ.

ತಂಡದ ವಿಜಯ್ ಕುಮಾರ್ ಮೊದಲ ದಿನವೇ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. "ಮೇಡಂ, ಯಂತ್ರ ಹಾಕಿರೋದು ಒಂದೇ ಆಮೆಗೆ. ನಾವೆಲ್ಲ ಸೇರಿ ಇದೊಂದನ್ನ ನೋಡ್ಕೊಳ್ತಿದ್ದೀವಿ ಅಂತ ಕಾರ್ಡಲ್ಲಿ ಬರೀರಿ."

ಅವಳು ಹಾಗೇ ಬರೆದಳು. ಯಾರೂ ಕೊಳ್ಳಲಿಲ್ಲ. ಎಲ್ಲರೂ ಸೇರಿ ಅನ್ನುವ ಮಾತು ಅಪಾರ್ಟ್‌ಮೆಂಟಿನವರಿಗೆ ನೀರಿನ ಟ್ಯಾಂಕರ್ ವಿಷಯದಲ್ಲೇ ಹಿಡಿಸುವುದಿಲ್ಲ, ಇನ್ನು ಆಮೆಯ ವಿಷಯದಲ್ಲಿ ಹಿಡಿಸೀತೇ? ದೀಪಾವಳಿ ಮೇಳಕ್ಕೆ ಮೊದಲು ಅವಳು ಕಾರ್ಡು ಬದಲಾಯಿಸಿದಳು. "ಇದು ನಿಮ್ಮ ಆಮೆ. ನೀವೇ ಹೆಸರಿಡಿ. ಅವಳು ಎಲ್ಲಿದ್ದಾಳೆ, ದಿನಾ ನೋಡಿ." ಕೆಳಗೆ ಹೆಸರು ಬರೆಯಲು ಚುಕ್ಕಿಗೆರೆ, ಅದರ ಕೆಳಗೆ ಸ್ಕ್ಯಾನ್ ಮಾಡುವ ಕೋಡು. ಎಲ್ಲ ಕಾರ್ಡಿನಲ್ಲೂ ಅದೇ ಕೋಡು, ನಕ್ಷೆಯಲ್ಲಿ ಅದೇ ಕೆಂಪು ಚುಕ್ಕಿ.

"ಎಲ್ಲಾರಿಗೂ ಒಂದೇ ಆಮೆನಾ?" ಅಂತ ಗಂಡ ಅಭಿರಾಮ್ ಕೇಳಿದ್ದ.

"ಯಾರ್ರೀ ನೋಡ್ತಾರೆ? ಎರಡು ದಿನ ನೋಡಿ ಮರ್ತುಬಿಡ್ತಾರೆ" ಅಂದಿದ್ದಳು. ಮೇಳದಲ್ಲಿ ಮಧ್ಯಾಹ್ನದೊಳಗೆ ಅರವತ್ನಾಲ್ಕೂ ಖಾಲಿಯಾದವು. ಅವಳೆಂದಂತೆ ಬಹುಪಾಲು ಜನ ಎರಡು ದಿನಕ್ಕೆ ಮರೆತೂ ಬಿಟ್ಟರು.

ವರಲಕ್ಷ್ಮಮ್ಮ ಮರೆಯಲಿಲ್ಲ. ವಂದನಾಳ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಅರವತ್ತೆಂಟರ ಹೆಂಗಸು, ಗಟ್ಟಿ ಗಂಟಲು, ಹಣೆ ತುಂಬ ಕುಂಕುಮ. ಮೇಳ ನೋಡೋಣವೆಂದು ಸೊಸೆ ಶಿಲ್ಪಳ ಜೊತೆ ಬಂದವರು ವಂದನಾಳ ಮೇಜಿನ ಮುಂದೆ ನಿಂತು ಕಾರ್ಡನ್ನು ಎರಡು ಸಲ ಓದಿಸಿಕೊಂಡರು.

"ನಂಗೇ ಅಂತಾನಾ ಇದು? ನಂಗೊಬ್ಳಿಗೇ?"

"ನಿಮಗೇ ಅಮ್ಮ" ಅಂದಳು ವಂದನಾ, ಚಿಲ್ಲರೆ ಹುಡುಕುತ್ತಾ. ಇದೊಂದು ಮಾತಿನ ತಪ್ಪನ್ನು ಮಾತ್ರ ಕಾರ್ಡಿನ ಮೇಲೆ, ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಹಾಕುವಂತಿರಲಿಲ್ಲ. ಬಾಯಾರೆ ಹೇಳಿದ ಸುಳ್ಳು.

ವರಲಕ್ಷ್ಮಮ್ಮ ಆಮೆಗೆ ಗಂಗಮ್ಮ ಅಂತ ಹೆಸರಿಟ್ಟರು. ಗಾಜಿನ ಬಳೆಗಳ ಮಧ್ಯೆ ಬ್ರೇಸ್‌ಲೆಟ್ ಸೇರಿಸಿಕೊಂಡರು, ಮತ್ತೆ ತೆಗೆಯಲೇ ಇಲ್ಲ. ದಿನಾ ಕಾಫಿ ಕುಡಿದಾದ ಮೇಲೆ ಶಿಲ್ಪಳಿಂದ ಮೊಬೈಲ್ ತೆಗೆಸಿ ನೋಡುವುದು, ವಾರಕ್ಕೊಂದು ಸಲ ವಂದನಾಗೆ ಫೋನು. "ವಂದನಮ್ಮ, ಗಂಗಮ್ಮ ಮೂರು ದಿವ್ಸದಿಂದ ಒಂದೇ ಕಡೆ ಅವ್ಳಲ್ಲ, ಮೈ ಉಸಾರಿಲ್ವಾ?" ವಂದನಾ ವಿಜಯ್ ಕುಮಾರ್ ಅವರನ್ನು ಕೇಳಿ ಉತ್ತರ ಹೇಳುತ್ತಿದ್ದಳು. ಆ ಉತ್ತರಗಳೆಲ್ಲ ನಿಜವಾದವೇ. ಅದನ್ನು ನೆನೆದುಕೊಂಡು ಸ್ವಲ್ಪ ಸಮಾಧಾನಪಡುತ್ತಿದ್ದಳು.

ಜನವರಿಯಲ್ಲಿ ಆಮೆ ದಡದ ಕಡೆ ತಿರುಗಿತು. ಮೊಟ್ಟೆ ಇಡುವ ಕಾಲ, ಹೊಟ್ಟೆಯಲ್ಲಿ ನೂರಕ್ಕೆ ಕಮ್ಮಿಯಿಲ್ಲದಷ್ಟು ಇರಬಹುದು ಎಂದರು ವಿಜಯ್ ಕುಮಾರ್. ವಂದನಾ ಹಿಗ್ಗಿಹೋಗಿ, ಬ್ರೇಸ್‌ಲೆಟ್ ಕೊಂಡವರೆಲ್ಲರಿಗೂ ಒಂದೊಂದಾಗಿ ಮೆಸೇಜ್ ಕಳಿಸಿದಳು: "ನಿಮ್ಮ ಆಮೆ ಮೊಟ್ಟೆ ಇಡಲು ಬರುತ್ತಿದ್ದಾಳೆ!" ಗ್ರೂಪ್ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೇ ದಿನವೇ ವರಲಕ್ಷ್ಮಮ್ಮ ಮನೆ ಬಾಗಿಲಿಗೆ ಬಂದರು, ಕೈಯಲ್ಲಿ ಕುಂಕುಮದ ಬಟ್ಟಲು.

"ಬಸುರಿ ಎಣ್ಮಗಳನ್ನ ಅಂಗೇ ಬಿಡೋಕಾಯ್ತದಾ? ಮೂರೂ ಗಂಡುಮಕ್ಳೇ ಆದೋ ನಂಗೆ. ಸೊಸೇರಿಗೆ ಅವ್ರವ್ರ ತಾಯಂದಿರು ಬಂದು ಮಡ್ಲಕ್ಕಿ ಕಟ್ಟುದ್ರು. ನಾನು ಕಂಡೋರ ಮನೆ ಸೀಮಂತಕ್ಕೆ ಬಳೆ ತಗಂಡೋಗಿ ಓಗಿ ಮುದುಕಿ ಆದೆ. ತಾಯಿ ಅಂತ ನಿಂತ್ಕಂಡು ನಾನೂ ಒಂದ್ಸಲ ಕಟ್ಬಿಡ್ತೀನಿ. ನಗೋರು ನಗ್ಲಿ. ಮಗಳನ್ನ ಕೊಟ್ಟೋಳು ನೀನು, ನೀನು ಬರ್ದಿದ್ರೆ ಆಯ್ತದಾ?"

ಈಗ ಹೇಳಿಬಿಡಬೇಕು ಅಂತ ವಂದನಾ ಬಾಯಿ ತೆರೆದಳು. "ಖಂಡಿತಾ ಬರ್ತೀನಮ್ಮ" ಅಂದಳು.

ಹೀಗೆ ಬಂದಳು. ನಡುಮನೆಯಲ್ಲಿ ಮೂವತ್ತು ಹೆಂಗಸರು. ಗೋಡೆಗೆ ಒರಗಿಸಿದ ಮಣೆಯ ಮೇಲೆ ಆಮೆಯ ಫೋಟೋ, ಯಲಹಂಕದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದು. ಯಾರೋ ಅಭ್ಯಾಸಬಲದಿಂದ ಅದಕ್ಕೆ ಹಾರ ಹಾಕಲು ಹೋದರು. "ಲೇ ಲೇ, ಆರ ಆಕ್‌ಬ್ಯಾಡ್ರೇ, ಜೀವಂತ ಅವ್ಳೆ ನನ್ ಮಗಳು!" ಅಂತ ವರಲಕ್ಷ್ಮಮ್ಮ ಕೂಗಿದರು. ಮನೆಯೆಲ್ಲ ನಗು. ನಕ್ಕರೂ ಯಾರೂ ಲೇವಡಿ ಮಾಡುತ್ತಿರಲಿಲ್ಲ. ಫೋಟೋದ ಎರಡು ಬದಿಗೂ ಹಸಿರು ಗಾಜಿನ ಬಳೆ ಜೋಡಿಸಿದರು, ಅರಿಶಿನ ಕುಂಕುಮ ಇಟ್ಟರು, ಆರತಿ ಎತ್ತಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆಯನ್ನು ಹಸಿರು ರವಿಕೆ ಬಟ್ಟೆಯಲ್ಲಿ ಕಟ್ಟಿ, ವರಲಕ್ಷ್ಮಮ್ಮ ಅದನ್ನು ವಂದನಾಳ ಮಡಿಲಿಗೇ ಇಟ್ಟರು.

"ಆ ಕಡಲ ತಾವ ಇರೋರು ನಿಂಗೆ ಗೊತ್ತಲ್ಲ. ಅವ್ರ ಕೈಲಿ ಕೊಟ್ಟು, ಅವ್ಳು ದಡಕ್ಕೆ ಬರೋ ಜಾಗದಾಗೆ ಇಡ್ಸು ತಾಯಿ. ಮೊದಲ ಕುಂಕುಮ ನಿಂಗೇ." ಅವರ ಕಣ್ಣಲ್ಲಿ ನೀರಿತ್ತು. ಹೆಬ್ಬೆರಳು ಹಣೆಗೆ ತಾಕಿದಾಗ ವಂದನಾಗೆ ಆ ಜಾಗ ಸುಟ್ಟಂತಾಯಿತು. ತಾನು ಈ ಮನೆಯ ಹೊಸ್ತಿಲು ದಾಟಬಾರದಿತ್ತು ಅಂದುಕೊಂಡಳು.

ಪಾಯಸದ ಲೋಟಗಳು ಬಂದವು. ಶಿಲ್ಪ ತನ್ನ ಮೊಬೈಲನ್ನು ಟಿವಿಗೆ ಜೋಡಿಸಿ, ಗಂಗಮ್ಮ ಎಲ್ಲಿದ್ದಾಳೆ ಅಂತ ಎಲ್ಲರಿಗೂ ತೋರಿಸಿದಳು. ನೀಲಿ ಕಡಲು, ಕೆಂಪು ಚುಕ್ಕಿ, ದಡ ಇನ್ನೇನು ಒಂದು ಬೆರಳಿನಷ್ಟು ದೂರ.

"ಅರೆ, ನನ್ನ ಸಾಗರಿನೂ ಅಲ್ಲೇ ಇದ್ದಾಳಲ್ಲ!" ಅಂತ ಹಿಂದಿನಿಂದ ಒಂದು ದನಿ. ಗಂಗಾನಗರದ ಕೃಷ್ಣವೇಣಿ. ಜಕ್ಕೂರಿನ ಸ್ಕೂಲಿನಲ್ಲೇ ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ಮಗಳ ಮನೆಗೆ ಬಂದಿದ್ದಾಗ ಮೇಳದಲ್ಲಿ ಬ್ರೇಸ್‌ಲೆಟ್ ಕೊಂಡವರು, ಊರಿನವರಿಗೆಲ್ಲ ಟೀಚರಮ್ಮ. ಅವರು ತಮ್ಮ ಫೋನನ್ನು ಎತ್ತಿ ಹಿಡಿದು ಟಿವಿಯ ಹತ್ತಿರಕ್ಕೇ ಬಂದರು. ಗೆಳತಿಯರು ಒಟ್ಟಿಗೆ ತವರಿಗೆ ಬಂದಿದ್ದಾರೆ ಅಂತ ಯಾರೋ ಅಂದರು, ಮತ್ತೊಮ್ಮೆ ನಗು. ಕೃಷ್ಣವೇಣಿ ಮಾತ್ರ ನಗಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ನೋಡಿದ ಕಣ್ಣು ಅದು.

"ಇದರಲ್ಲಿ ಎಂಟು ಗಂಟೆ ಹನ್ನೆರಡು ನಿಮಿಷ ಅಂತಿದೆ. ಅದರಲ್ಲೂ ಎಂಟು ಹನ್ನೆರಡು. ನಿನ್ನೆದೂ ಒಂದೇ, ಮೊನ್ನೆದೂ ಒಂದೇ. ಇದು ಎರಡು ಆಮೆ ಅಲ್ಲ, ಒಂದೇ ಆಮೆ." ಅವರು ತಿರುಗಿದರು. "ಏನಮ್ಮ ವಂದನಾ ಇದು?"

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅದು ಬರೀ ಮಾತಿಗೆ ಹೇಳುವುದಲ್ಲ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಅವಳು ಲೋಟ ಕೆಳಗಿಡುವಷ್ಟರಲ್ಲಿ ವರಲಕ್ಷ್ಮಮ್ಮ ಎದ್ದು ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ ಶಿವನೇ. ಅವತ್ತು ಮೇಳದಾಗೆ ಟೀಚರಮ್ಮನೂ ನನ್ ಪಕ್ಕದಾಗೇ ನಿಂತಿದ್ರು. ಅವ್ರಿಗೆ ಅಂತ ಇದ್ದ ಇನ್ನೊಂದು ಕಾರ್ಡು ನಾನು ಎತ್ಕಂಡ್ ಬಂದಿವ್ನಿ. ಶಿಲ್ಪ, ನಾವು ಅವ್ರ ಆಮೇನ ನೋಡ್ಕಂಡು ಕೂತಿದ್ವಿ ಕಣೇ!" ಅವರು ಕೃಷ್ಣವೇಣಿಯ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣ್ರಮ್ಮ. ಕಂಡೋರ ಮನೆ ಎಣ್ಮಗಳಿಗೆ, ಎತ್ತೋರನ್ನ ಒಂದ್ ಮಾತು ಕೇಳ್ದೆ, ನಾನು ಬಳೆ ತೊಡ್ಸಿ ಮಡ್ಲಕ್ಕಿ ಕಟ್ಬಿಟ್ಟೆ. ಇಂತಾ ತಪ್ಪು ಯಾರಾದ್ರೂ ಮಾಡ್ತಾರಾ? ಓದೋಕೆ ಬರ್ಯೋಕೆ ಬರ್ದಿರೋಳು ನಾನು, ಹೊಟ್ಟೆಗಾಕ್ಕಳಿ."

ಮೂವತ್ತು ಜನ ಹೆಂಗಸರ ಮುಂದೆ, ತಮ್ಮದೇ ನಡುಮನೆಯಲ್ಲಿ, ಆ ಮುದುಕಿ ಕೈಮುಗಿದರು. ತವರಿನವರ ಹಕ್ಕು ಕಿತ್ತುಕೊಂಡೆ ಅಂತ ಅವರಿಗೆ ನಿಜವಾಗಿಯೂ ಅನಿಸಿತ್ತು. ಕೃಷ್ಣವೇಣಿ ಕಕ್ಕಾಬಿಕ್ಕಿಯಾಗಿ "ಬಿಡಿ ಬಿಡಿ, ಅದಕ್ಕೇನಂತೆ" ಅನ್ನುತ್ತಿದ್ದರು. ಎಲ್ಲರ ಕಣ್ಣೂ ವಂದನಾಳ ಕಡೆ ತಿರುಗಿತು.

"ಟೀಚರಮ್ಮನ ಆಮೆಯ ಕಾರ್ಡೇ ನಿಮಗೂ ಬಂದುಬಿಟ್ಟಿರಬೇಕು" ಅಂದಳು ವಂದನಾ. "ಪರವಾಗಿಲ್ಲಮ್ಮ, ನಾನು ಸರಿ ಮಾಡಿಸಿಕೊಡ್ತೀನಿ."

ಪರವಾಗಿಲ್ಲ ಅಂದಳು! ಕ್ಷಮಿಸುವವಳ ಹಾಗೆ. ವರಲಕ್ಷ್ಮಮ್ಮ ಕೈಯಿಂದ ಬ್ರೇಸ್‌ಲೆಟ್ ಬಿಚ್ಚಿದರು. ಮೂರು ತಿಂಗಳಿಂದ ಬಿಚ್ಚದಿದ್ದದ್ದು, ಬೆರಳ ಗಿಣ್ಣು ದಾಟಲು ಸ್ವಲ್ಪ ಹೊತ್ತು ಹಿಡಿಯಿತು. "ಇದು ಟೀಚರಮ್ಮಂಗೆ ಸೇರ್ಬೇಕಾದ್ದು, ಇಟ್ಕ" ಅಂತ ವಂದನಾಳ ಅಂಗೈಯಲ್ಲಿಟ್ಟು, ಕಣ್ಣೊರೆಸಿಕೊಂಡು, "ಏಳ್ರಿ, ಎಲೆ ಆಕಿಸ್ತೀನಿ" ಅಂತ ಒಳಗೆ ಹೋದರು.

ತಲೆನೋವು ಅಂತ ಶಿಲ್ಪಳಿಗೆ ಹೇಳಿ ವಂದನಾ ಊಟಕ್ಕೆ ಕೂರದೆ ಹೊರಗೆ ಬಂದಳು. ಒಂದು ಕೈಯಲ್ಲಿ ಮಡಿಲಕ್ಕಿಯ ಗಂಟು, ಇನ್ನೊಂದರಲ್ಲಿ ಬ್ರೇಸ್‌ಲೆಟ್. ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಮನೆಗಳ ಮೇಲೆ ತಗ್ಗಿನಲ್ಲೇ ಸುತ್ತು ಹಾಕುತ್ತಿತ್ತು. ಒಂದು ಚಪ್ಪಲಿ ಮೆಟ್ಟಿದಳು. ಬ್ರೇಸ್‌ಲೆಟ್ಟಿನ ಮಣಿಗಳ ಸಂದಿಯಲ್ಲಿ ಅರಿಶಿನ ಮೆತ್ತಿಕೊಂಡಿತ್ತು. ಇನ್ನೊಂದು ಚಪ್ಪಲಿಗೆ ಕಾಲು ಹಾಕಲಾಗಲಿಲ್ಲ.

"ಊಟ ಮಾಡ್ದೇ ಓಯ್ತಾ ಇದೀಯಂತೆ?" ವರಲಕ್ಷ್ಮಮ್ಮ ಹಿಂದೆಯೇ ಬಂದಿದ್ದರು. "ನನ್ ಮ್ಯಾಗೆ ಬೇಜಾರಾ ತಾಯಿ? ನೀನೂ ತಲೆ ತಗ್ಗಿಸೋ ಅಂಗೆ ಮಾಡ್ದೆ."

"ಅಮ್ಮ, ನೀವು ಯಾವ ಕಾರ್ಡೂ ತಪ್ಪಾಗಿ ತಗೊಂಡು ಬಂದಿಲ್ಲ" ಅಂದಳು ವಂದನಾ. ಒಂದೇ ಉಸಿರಿಗೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು. "ಇರೋದು ಒಂದೇ ಆಮೆ. ಅರವತ್ನಾಲ್ಕು ಜನಕ್ಕೂ ನಿಮ್ಮದೇ ಅಂತ ಹೇಳಿ ಕೊಟ್ಟಿದ್ದೀನಿ. ಟೀಚರಮ್ಮಂಗೂ ಅದೇ, ನಿಮಗೂ ಅದೇ. ನನಗೆ ಮೊದಲಿಂದ ಗೊತ್ತಿತ್ತು."

ವರಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತಾ ನಿಂತರು. ಒದ್ದೆ ಆರಿದ ಮೇಲೂ ಒರೆಸುತ್ತಲೇ ಇದ್ದರು.

"ಅವ್ಳು ಬಸುರಿ ಅನ್ನೋದಾದ್ರೂ ನಿಜವಾ?"

"ನಿಜ ಅಮ್ಮ. ಅದು ನಿಜ."

"ಊಂ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾನು ಟೀಚರಮ್ಮಂಗೆ ಕೈ ಮುಗಿದಾಗ ನೀನು ಅಲ್ಲೇ ಕೂತಿದ್ದೆ, ಅಲ್ವಾ?"

"ಕೂತಿದ್ದೆ."

"ಪರವಾಗಿಲ್ಲ ಅಂದೆ ನಂಗೆ."

ಅವರು ಬೈದಿದ್ದರೆ ವಂದನಾಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಕೈ ಚಾಚಿ ಅವಳಿಂದ ಮಡಿಲಕ್ಕಿಯ ಗಂಟು ತೆಗೆದುಕೊಂಡರು.

"ಇದು ನಿನ್ ಕೈಲಿ ಓಗೋದು ಬ್ಯಾಡ. ಮಗನ್ನ ಕರ್ಕಂಡು ನಾನೇ ಓಗಿ ಇಟ್ಟು ಬತ್ತೀನಿ. ಎಷ್ಟು ಜನಕ್ಕೆ ಮಗಳಾದ್ರೇನು, ಬಸುರಿ ಬಸುರೀನೇ." ಬಾಗಿಲ ಕಡೆ ತಿರುಗಿದರು. "ಬಾ ಒಳಗೆ."

"ಅಮ್ಮ, ನನಗೆ ಊಟ..."

"ಊಟಕ್ಕಲ್ಲ. ನಾನು ಎಷ್ಟು ಜನದ ಮುಂದೆ ತಪ್ಪು ಒಪ್ಕಂಡ್ನೋ, ಅಷ್ಟೂ ಜನ ಒಳಗೇ ಅವ್ರೆ. ಇನ್ನೂ ಯಾರೂ ಎದ್ದಿಲ್ಲ."

ವಂದನಾ ಮೆಟ್ಟಿದ್ದ ಒಂದು ಚಪ್ಪಲಿ ಬಿಟ್ಟಳು. ನಡುಮನೆಯಲ್ಲಿ ಎರಡು ಸಾಲಾಗಿ ಎಲ್ಲರೂ ಎಲೆಯ ಮುಂದೆ ಕೂತಿದ್ದರು, ಚಿತ್ರಾನ್ನ ಬಡಿಸುತ್ತಿದ್ದರು. ಅವಳನ್ನು ಕಂಡು ಕೃಷ್ಣವೇಣಿ ಕೊಂಚ ಸರಿದು ಪಕ್ಕದ ಖಾಲಿ ಎಲೆ ತೋರಿಸಿದರು.

"ಬಾರಮ್ಮ, ತಲೆನೋವು ಅಂದ್ರು, ಆದ್ರೂ ನಿನಗೆ ಅಂತ ಜಾಗ ಹಿಡಿದಿದ್ದೆ. ಪಾಪ, ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ನಿನ್ನದೇನು ತಪ್ಪಿದೆ ಇದರಲ್ಲಿ? ಕೂತ್ಕೋ."

ವಂದನಾ ಕೂರಲಿಲ್ಲ.