ಹನ್ನೆರಡು ಮನೆಯ ಹಸಿ ಕಸ

“ಮೂರು ಹೊತ್ತೂ ಮುಕ್ತೀರಲ್ಲ ಮುಂಡೇವಾ, ಕಸ ಎಲ್ಲಿ ಬಚ್ಚಿಟ್ಟಿದೀರಿ?”

ಪುರಸಭೆಯ ಕಸದ ಸಾಹೇಬ ನಮ್ಮ ಮನೆಯ ಹಸಿರು ಬಕೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಬೈಯುತ್ತಿದ್ದ. ಹಾಗಾಗಿ ಒಂದೊಂದು ಬೈಗುಳವೂ ಎರಡೆರಡು ಸಲ ಕೇಳಿಸುತ್ತಿತ್ತು. ಬಕೆಟ್ಟಿನಲ್ಲಿ ನನ್ನ ಅತ್ತೆ ನೆನೆಹಾಕಿದ್ದ ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಮೂರು ಹೊತ್ತು ಅಂದ್ರೆ ಬೇರೆ ಬೀದಿ ಇರ್ಬೇಕು ಸ್ವಾಮಿ,” ಎಂದಳು ಅತ್ತೆ. “ವಿಳಾಸ ಇನ್ನೊಂದು ಸಲ ನೋಡ್ಕೊಳ್ಳಿ.”

ಮನೆಗೆ ಎರಡು ಬಕೆಟ್ಟು ಕೊಟ್ಟಿದ್ದರು. ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಅಷ್ಟು ಗಟ್ಟಿಮುಟ್ಟಾದ ಸಾಮಾನು ಸರ್ಕಾರದಿಂದ ನಮ್ಮ ಬೀದಿಗೆ ಬಂದದ್ದು ಅದೇ ಮೊದಲು. ಅದರಲ್ಲಿ ಕಸ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ನೀಲಿಯಲ್ಲಿ ಕುಡಿಯುವ ನೀರು ತುಂಬಿಟ್ಟೆವು, ಹಸಿರಿನಲ್ಲಿ ಬಟ್ಟೆ ನೆನೆಸಿದೆವು. ಮೂರು ಸಲ ಕಸ ಕೊಡದ ಬೀದಿಗೆ ನಲ್ಲಿ ಬಂದ್ ಎಂಬ ಕಾನೂನು ಆಮೇಲೆ ಬಂತು. ನಮ್ಮ ಹನ್ನೆರಡು ಮನೆಗೆ ಇರುವುದು ಒಂದೇ ನಲ್ಲಿ.

“ತರಕಾರಿ ಸಿಪ್ಪೆ ಏನ್ ಮಾಡ್ತೀರಿ?” ಎಂದು ಸಾಹೇಬ ವಿಚಾರಣೆ ಶುರುಮಾಡಿದ.

“ಆಡಿಗೆ ಹಾಕ್ತೀವಿ.”

“ಆಡು ತಿಂದು ಮಿಕ್ಕಿದ್ದು?”

“ಮಿಗಿಸೋದಕ್ಕೆ ಅದೇನು ದೊಡ್ಡಮನೆ ಆಡಾ?”

“ಕಾಗದ?”

“ಒಲೆಗೆ.”

“ಉಳಿದ ಊಟ?”

ಅತ್ತೆಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು.

“ನೋಡಿದ್ಯಾ, ಬಾಯಿ ಕಟ್ಟಿತು,” ಎಂದ ಸಾಹೇಬ. “ಕಾಲುವೆ ತುಂಬ ಕಸ. ನಿಮ್ಮ ಬಕೆಟ್ಟು ಖಾಲಿ. ನಾನೇನು ಕಿವಿಗೆ ಹೂ ಇಟ್ಕೊಂಡು ಬಂದಿದೀನಾ?”

“ಕಾಲುವೇಲಿ ಇರೋದು ದೊಡ್ಡಮನೆ ಕಸ ಸಾರ್,” ಎಂದೆ.

“ಕಣ್ಣಾರೆ ನೋಡಿದ್ಯಾ?”

“ನೋಡೋದೇನು, ದಿನಾ ಹೊತ್ತು ಸುರಿಯೋಳು ನಾನೇ.”

“ಹಾಗಾದ್ರೆ ಸುರಿದೋಳು ನೀನೇ ಆಯ್ತಲ್ಲೇ.”

ಅವನು ನಲ್ಲಿಯ ಕಂಬಕ್ಕೆ ಕೆಂಪು ಬಣ್ಣದಲ್ಲಿ ಎರಡನೆಯ ಗೀಟು ಎಳೆದ. ನಾಳೆ ಗಾಡಿ ಬರುವಾಗ ಹನ್ನೆರಡು ಹಸಿರು ಬಕೆಟ್ಟಲ್ಲೂ ಹಸಿ ಕಸ ಕಾಣಬೇಕು, ಇಲ್ಲದಿದ್ದರೆ ನಲ್ಲಿ ಕಿತ್ತುಕೊಂಡು ಹೋಗುವೆನೆಂದು ಹೇಳಿ, ದೊಡ್ಡಮನೆಯ ಜಗಲಿಗೆ ಕಾಫಿ ಕುಡಿಯಲು ಹೋದ.

ನಾವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ದೊಡ್ಡಮನೆಯಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವವಳು. ಗಾಡಿ ಬರುವವರೆಗೆ ಕಸ ಮನೆಯಲ್ಲಿದ್ದರೆ ಅಲ್ಲಿನ ಅಮ್ಮಾವರಿಗೆ ತಲೆನೋವು. ಆದ್ದರಿಂದ ಹತ್ತು ವರ್ಷದಿಂದ ದಿನಾ ಒಂದು ಪುಟ್ಟಿ ಹೊತ್ತು ಕಾಲುವೆಗೆ ಸುರಿಯುತ್ತಿದ್ದೇನೆ. ನಲ್ಲಿ ಹೋದರೆ ನಾವು ಕುಡಿಯಬೇಕಾದದ್ದು ಅದೇ ಕಾಲುವೆಯ ನೀರು.

ನಲ್ಲಿಯ ಹತ್ತಿರ ಬೀದಿಯವರೆಲ್ಲ ಸೇರಿದರು. ಯಾರ ಮನೆಯಲ್ಲಿ ಎಸೆಯುವಂಥದ್ದು ಏನಿದೆ ಎಂದು ತಲೆ ಕೆರೆದುಕೊಂಡರು.

“ನಮ್ಮ ಮಾವನ ಮುರುಕಲು ಛತ್ರಿ ಕೊಡ್ತೀನಿ,” ಎಂದ ಗಾರೆ ಕೆಲಸದವನು.

“ಛತ್ರಿ ಒಣ ಕಸ ಕಣೋ, ಮಂಕೆ.”

“ಮಳೇಲಿ ಹಿಡ್ಕೊಂಡು ಬಂದು ಕೊಟ್ರೆ?”

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಕಸ ಇರುವ ಮನೆಯ ಪರಿಚಯ ಇದ್ದದ್ದು ನನಗೊಬ್ಬಳಿಗೇ.

ಅಮ್ಮಾವರು ಹಜಾರದಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಿದ್ದರು. “ಅಮ್ಮಾ, ಇವತ್ತಿನ ಕಸ ನಮಗೆ ಕೊಡ್ತೀರಾ?” ಎಂದು ಕೇಳಿದೆ.

ನಿನ್ನೆಯವರೆಗೂ “ತಗೊಂಡು ಹೋಗಿ ಸಾಯಿ” ಎನ್ನುತ್ತಿದ್ದವರು ಕುಂಚ ಕೆಳಗಿಟ್ಟರು. “ಏನು ಸಿಕ್ತು ಅದ್ರಲ್ಲಿ?”

“ಏನೂ ಇಲ್ಲಮ್ಮಾ. ಸಾಹೇಬ್ರಿಗೆ ತೋರಿಸ್ಬೇಕು.”

“ಸಾಹೇಬ್ರಿಗೆ ನಮ್ಮನೆ ಕಸ ತೋರಿಸ್ತೀಯಾ? ಹಾಳಾದೋಳೇ, ಹೋದ ತಿಂಗಳು ನನ್ನ ಓಲೆ ಕಳೀತು, ಆಗ್ಲೇ ಅಂದ್ಕೊಂಡೆ.”

ಮಣೆ ಹಾಕಿಕೊಂಡು ಪುಟ್ಟಿಯ ಮುಂದೆ ತಾವೇ ಕೂತರು. ಕೋಲಿನಲ್ಲಿ ಕೆದಕಿದರು, ಆಮೇಲೆ ಕೈಯನ್ನೇ ಹಾಕಿದರು. ಕೋಸಿನ ಎಲೆ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ಅರ್ಧ ಗಂಟೆಯಾದರೂ ತಲೆನೋವಿನ ಸುಳಿವಿಲ್ಲ. ಓಲೆ ಸಿಗಲಿಲ್ಲ, ಆದರೆ ಕಸದ ಬೆಲೆ ಅಷ್ಟರಲ್ಲಿ ಏರಿತ್ತು.

“ಸುಮ್ನೆ ಕೊಟ್ರೆ ಅಭ್ಯಾಸ ಆಗುತ್ತೆ ನಿಮಗೆ,” ಎಂದರು. “ಮೇಲಿನ ಎರಡು ರೂಮು, ಮೆಟ್ಟಿಲು ಉಜ್ಜಿಟ್ಟು ತಗೊಂಡು ಹೋಗು.”

ಮೈಯೆಲ್ಲ ಉರಿದುಹೋಯಿತು. ಆದರೂ ಉಜ್ಜಿದೆ. ಹತ್ತು ವರ್ಷ ಪುಕ್ಕಟೆ ಹೊತ್ತ ಕಸವನ್ನು ಆವತ್ತು ದುಡಿದು ಸಂಪಾದಿಸಿಕೊಂಡು ಬಂದೆ.

ಸಂಜೆ ನಲ್ಲಿಯ ಹತ್ತಿರ ಪಾಲು ಮಾಡಿದೆವು. ಕೋಸಿನ ಎಲೆ, ಅರ್ಧ ಪೊಟ್ಟಣ ಬ್ರೆಡ್ಡು, ಎರಡು ಹಿಡಿ ಅನ್ನ, ಡಬ್ಬದಲ್ಲೇ ಇದ್ದ ಕೇಕಿನ ಚೂರು, ಒಂದೊಂದೇ ಸಲ ಕಚ್ಚಿ ಬಿಟ್ಟ ಮೂರು ಸೇಬು. ಪಾಲು ಮಾಡುವಾಗಲೇ ಜಗಳ ಹತ್ತಿಕೊಂಡಿತು.

“ಪಕ್ಕದ್ಮನೆಯೋಳ ಬಕೆಟ್ಟಿಗೆ ಕೇಕು, ನಮಗೆ ಬರೀ ಎಲೆ. ಇದ್ಯಾವ ನ್ಯಾಯ?” ಎಂದಳು ಕೊನೆ ಮನೆಯ ಬಾಣಂತಿ.

“ಎಸೆಯೋ ಕಸಕ್ಕೆ ನ್ಯಾಯ ಕೇಳ್ತೀಯಲ್ಲೇ,” ಎಂದೆ.

“ಎಸೆಯೋದು ನಾಳೆ ತಾನೆ?” ಎಂದಳು ಅವಳು. ಅವಳ ಮಾತಿನ ಅರ್ಥ ನನಗೆ ಆಗಲೇ ತಿಳಿಯಬೇಕಿತ್ತು.

ಬೆಳಿಗ್ಗೆ ಮುಚ್ಚಳ ತೆಗೆದರೆ ನಮ್ಮ ಬಕೆಟ್ಟು ಬರಿದು. ಮೊದಲು ಆಡಿನ ಮೇಲೆ ಅನುಮಾನ ಬಂತು. ಆದರೆ ಆಡು ತಿಂದಾದ ಮೇಲೆ ಮುಚ್ಚಳ ಹಾಕುವುದಿಲ್ಲ. ಅತ್ತೆ ಗೋಡೆ ನೋಡುತ್ತಾ ಕೂತಿದ್ದಳು.

“ಸೇಬು ಚೆನ್ನಾಗಿತ್ತು ಕಣೇ,” ಎಂದಳು ತಿರುಗದೆಯೇ. “ಒಂದು ಕಡೆ ಕಚ್ಚಿದ್ರು, ಸರಿ. ಉಳಿದ ಮೂರು ಕಡೆ ಏನು ಪಾಪ ಮಾಡಿತ್ತು?”

ಹತ್ತು ವರ್ಷದಲ್ಲಿ ಎಷ್ಟು ಸೇಬನ್ನು ಕಾಲುವೆಗೆ ಸುರಿದಿದ್ದೆನೋ ಎಂದು ಲೆಕ್ಕ ಹಾಕಿದೆ. ಬೀದಿಗೆ ಬಂದು ನೋಡಿದರೆ ಗಾರೆಯವನು ತನ್ನ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಬಾಣಂತಿ ಮುಖ ಮರೆಸಿಕೊಂಡಳು. ಎಲೆಗಳನ್ನು ಆಡುಗಳು ತಿಂದಿದ್ದವು. ಹನ್ನೆರಡು ಮನೆಯಲ್ಲಿ ಒಂದು ಚೂರು ಹಸಿ ಕಸ ಉಳಿದಿರಲಿಲ್ಲ.

ಅಷ್ಟರಲ್ಲಿ ಗಾಡಿ ಬಂತು. ಹಿಂದೆ ಎರಡು ಗೂಡು, ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ನೀಲಿ. ಸಾಹೇಬ ಇಳಿದು ಸಾಲಾಗಿಟ್ಟ ಹನ್ನೆರಡು ಬಕೆಟ್ಟಿಗೂ ಇಣುಕಿದ. ಕೊನೆಯದಕ್ಕೆ ಬರುವಷ್ಟರಲ್ಲಿ ಕಿವಿಯೆಲ್ಲ ಕೆಂಪಾಗಿತ್ತು.

“ಮತ್ತೆ ಖಾಲಿ. ನನ್ನೇನು ಬಕರಾ ಅಂದ್ಕೊಂಡ್ರಾ ದರಿದ್ರದವ್ರಾ? ಹಸಿ ಕಸ ಎಲ್ಲಿ?”

“ಇಲ್ಲಿ,” ಎಂದು ಅತ್ತೆ ತನ್ನ ಹೊಟ್ಟೆ ತೋರಿಸಿದಳು. “ನಿನ್ನೆ ಸಂಜೆ ಬಕೆಟ್ಟಲ್ಲಿತ್ತು. ಆಣೆ ಮಾಡ್ತೀನಿ. ಈಗ ಇಲ್ಲಿದೆ.”

“ಏ ಮುದುಕಿ, ಆಟ ಆಡ್ತೀಯಾ?”

“ಆಟ ಯಾಕೆ ಸ್ವಾಮಿ? ನಿಮಗೆ ಕಸ ಬೇಕು ತಾನೆ? ತುಂಬ್ಕೊಳ್ಳಿ.” ಅತ್ತೆ ಸೀರೆ ಎತ್ತಿ ಕಟ್ಟಿ, ಚಕ್ರದ ಮೇಲೆ ಕಾಲಿಟ್ಟು, ಹಸಿರು ಗೂಡಿಗೆ ಹತ್ತಿ ಕೂತಳು. “ಕೇಕು ತಿಂದೋರು ಯಾರ್ರೀ? ಬನ್ನಿ, ಜಾಗ ಇದೆ.”

ಗಾರೆಯವನು ಹತ್ತಿದ. ಬಾಣಂತಿ ಕೂಸನ್ನು ಅವನ ಕೈಗೆ ಕೊಟ್ಟು ತಾನೂ ಹತ್ತಿದಳು. ತಿಂದವರೆಲ್ಲ ಹತ್ತಿದರು, ತಿನ್ನದವರೂ ಹತ್ತಿದರು. ಹಸಿರು ಗೂಡು ತುಂಬಿ ನೀಲಿಗೂ ಜನ ಏರಿದರು. ಎದುರಿನ ದೊಡ್ಡಮನೆಯ ಗೇಟಿಗೆ ಅಮ್ಮಾವರು ಓಡಿಬಂದು, ಕಸದ ಪುಟ್ಟಿ ಹೊರಲು ನಾನೇಕೆ ಇನ್ನೂ ಬಂದಿಲ್ಲ ಎಂದು ಕೂಗುತ್ತಿದ್ದರು.

“ಇಳೀರಿ. ಇಳೀದಿದ್ರೆ ಈಗಲೇ ನಲ್ಲಿ ಕೀಳಿಸ್ತೀನಿ,” ಎಂದ ಸಾಹೇಬ.

ಅತ್ತೆ ಮುಂದೆ ಕೂತಿದ್ದ ಡ್ರೈವರನ ಬೆನ್ನು ತಟ್ಟಿದಳು. “ಲೋ ಮಗಾ, ಈ ಗಾಡಿ ಕೊನೆಗೆ ಹೋಗಿ ನಿಲ್ಲುತ್ತಲ್ಲ, ಆ ಕಸ ಸುರಿಯೋ ಜಾಗ, ಅಲ್ಲಿ ನಲ್ಲಿ ಇದೆಯಾ?”

ಡ್ರೈವರ್ ಸಾಹೇಬನ ಮುಖ ನೋಡಿದ, ಹನ್ನೆರಡು ಮನೆಯ ಮುಖ ನೋಡಿದ.

“ಎರಡಿವೆ ಅಜ್ಜಿ,” ಎಂದ. “ಗಾಡಿ ತೊಳೆಯೋಕೆ. ಇಪ್ಪತ್ನಾಲ್ಕು ಗಂಟೆ ನೀರು.”

ನಾನು ಒಳಗೆ ಓಡಿ ಮನೆಯಲ್ಲಿದ್ದ ಬಿಂದಿಗೆಗಳನ್ನೆಲ್ಲ ತಂದು ಗಾಡಿಗೆ ಹತ್ತಿದೆ.

“ನಡಿ ಹಾಗಾದ್ರೆ,” ಎಂದಳು ಅತ್ತೆ.